ಸುಣ್ಣ ಬಳಿದ ಕಲ್ಲು

ಗೇಟಿನಿಂದ ಜಗಲಿಯ ತನಕ ದಾರಿಯ ಎರಡೂ ಬದಿಗೆ ತೆಂಗಿನಕಾಯಿ ಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟು ಸುಣ್ಣ ಬಳಿದಿದ್ದರು. ಆಟಿ ತಿಂಗಳು. ಮೂರು ದಿನ ಬಿಟ್ಟೂಬಿಡದೆ ಹೊಡೆದ ಮಳೆ ಅವತ್ತು ಬೆಳಿಗ್ಗೆಯಷ್ಟೇ ಹೊಳವಾಗಿತ್ತು. ಮಾವ ಕಾರಿನಿಂದ ಇಳಿದು, ಕೋಲು ಊರಿಕೊಂಡು, ಬಾಗಿ ಒಂದು ಕಲ್ಲನ್ನು ಮುಟ್ಟಿ ನೋಡಿದರು. ಬೆರಳ ತುದಿ ಬಿಳಿಯಾಯಿತು.

“ಬರ್ತೇವೆ ಅಂತ ನೀನು ಫೋನ್ ಮಾಡಿದ್ದೆಯಾ?”

“ಹೌದು ಮಾವ, ನಿನ್ನೆ ಸಂಜೆ.”

“ಹಾಗಾದ್ರೆ ಒಳಗೆ ನೋಡ್ಲಿಕ್ಕೆ ಎಂತದೂ ಇಲ್ಲ ಮಾರಾಯ. ಬಂದದ್ದಕ್ಕೆ ಒಂದು ಚಾ ಕುಡಿದು ಹೋಗುವಾ.”

ನನ್ನ ಸೋದರಮಾವನಿಗೆ 81. ಚೀನಾ ಯುದ್ಧ ಮುಗಿದ ಮರುವರ್ಷ, 1963ರಲ್ಲಿ, ಸೈನ್ಯ ಊರೂರಿನಿಂದ ಹುಡುಗರನ್ನು ಬಾಚಿ ಸೇರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಮೂಡುಬಿದಿರೆಯಿಂದ ಬೆಂಗಳೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್ ಸೇರಿದವರು. 1971ರಲ್ಲಿ ನೆಲಬಾಂಬು ತೆಗೆಯುವ ಕೆಲಸದಲ್ಲಿ ಬಲಗಿವಿ ಹೋಯಿತು. ಹವಾಲ್ದಾರರಾಗಿ ನಿವೃತ್ತಿಯಾದ ಮೇಲೆ ಪುತ್ತಿಗೆ ಕಡೆಯ ಮನೆಯಲ್ಲಿ ಅಡಿಕೆ, ಕಾಳುಮೆಣಸು, ಒಂದು ರೇಡಿಯೊ. ಅತ್ತೆ ತೀರಿಕೊಂಡು ನಾಲ್ಕು ವರ್ಷ. ಮಗ ಮಸ್ಕತ್ತಿನಲ್ಲಿ, ಮಗಳು ಮುಂಬಯಿಯಲ್ಲಿ. ಕಳೆದ ವರ್ಷ ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ನಡೆಯುತ್ತಾರೆ, ಆದರೆ ಒಬ್ಬರೇ ಇರುವಂತಿಲ್ಲ. ನಮ್ಮದು ಅಳಿಯಕಟ್ಟಿನ ಮನೆತನ. ಮಾವನ ಮುಪ್ಪಿನ ಲೆಕ್ಕ ಅಳಿಯನ ಪುಸ್ತಕಕ್ಕೆ ಬರುವುದು ಹೊಸದಲ್ಲ. ನನ್ನ ಮನೆಯಲ್ಲಿ ಇರಿ ಎಂದೆ. “ಎರಡನೇ ಮಾಳಿಗೆಯಲ್ಲಿ ಲಿಫ್ಟು ಹಾಳಾದ್ರೆ ನಾನು ಕೈದಿ” ಎಂದರು. ಹೀಗೆ ಇಬ್ಬರೂ ಸೇರಿ ಜಾಗ ಹುಡುಕಲು ಹೊರಟೆವು.

ಸೈನ್ಯದಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಇದ್ದವರಿಗೆ ತಪಾಸಣೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಜನರಲ್ ಸಾಹೇಬರು ಬರುತ್ತಾರೆಂದರೆ ವಾರದ ಮೊದಲೇ ಕಲ್ಲಿಗೆ ಸುಣ್ಣ, ಮರದ ಬುಡಕ್ಕೆ ಕೆಮ್ಮಣ್ಣಿನ ಬಣ್ಣ, ಬಕೆಟ್ಟಿಗೆ ಕೆಂಪು ಪೈಂಟು, ಅಡುಗೆಮನೆಯಲ್ಲಿ ಅವತ್ತೊಂದು ದಿನ ಪಾಯಸ. ಸಾಹೇಬರು ಹೋದ ಮರುದಿನ ಅದೇ ನೀರು ದಾಲ್. ಸುಣ್ಣ ಬಳಿದ ಕೈಯೇ ಆದ್ದರಿಂದ ಸುಣ್ಣದ ಹಿಂದೆ ಏನಿದೆ ಎಂಬುದು ಮಾವನಿಗೆ ಗೊತ್ತು. ವಯಸ್ಸಾದವರನ್ನು ನೋಡಿಕೊಳ್ಳುವ ಜಾಗದ ಗುಣಮಟ್ಟ ಅಳೆಯುವುದು ಹೇಗೆ ಎಂದು ನಾನು ಓದಿ ತಿಳಿದದ್ದಕ್ಕಿಂತ ಹೆಚ್ಚನ್ನು ಅವರ ಜೊತೆ ಎರಡು ತಿಂಗಳು ತಿರುಗಿ ತಿಳಿದೆ.

ಮೊದಲು ಹೆಸರಿನ ಗೊಂದಲ. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ ಆಗುವ, ಅಪೆಂಡಿಕ್ಸ್ ತೆಗೆಯುವ ಸಣ್ಣ ಖಾಸಗಿ ಆಸ್ಪತ್ರೆ. ಇಂಗ್ಲೆಂಡ್, ಅಮೆರಿಕದಲ್ಲಿ ಅದೇ ಹೆಸರು ಹೊತ್ತದ್ದು ಬೇರೆ: ಸ್ವಂತವಾಗಿ ಮೀಯಲು, ಉಡಲು, ಪಾಯಿಖಾನೆಗೆ ಹೋಗಲು ಆಗದವರು ವರ್ಷಗಟ್ಟಲೆ ಇರುವ ಮನೆ. ಅದಕ್ಕೆ ನಮ್ಮಲ್ಲಿ ಇರುವ ಪದ ‘ವೃದ್ಧಾಶ್ರಮ’. ಆದರೆ ಆಶ್ರಮ ಎಂದಕೂಡಲೇ ದಾನ, ಧರ್ಮ, ಅನ್ನಸಂತರ್ಪಣೆಯ ವಾಸನೆ ಬರುತ್ತದೆ. ದಾನದ ಜಾಗದಲ್ಲಿ ಪ್ರಶ್ನೆ ಕೇಳುವುದು ಒರಟುತನ ಎಂದು ನಾವು ಎಣಿಸುತ್ತೇವೆ. ತಿಂಗಳಿಗೆ ಇಪ್ಪತ್ತೈದು ಸಾವಿರ ಎಣಿಸಿಕೊಟ್ಟೂ ಕೈಮುಗಿದು ನಿಲ್ಲುವುದು ಇದರಿಂದಲೇ.

ಮುದಿ ಸೈನಿಕರಿಗೆಂದೇ ಮನೆ ಕಟ್ಟುವ ಯೋಚನೆ ಹಳೆಯದು. ಪ್ಯಾರಿಸಿನಲ್ಲಿ 14ನೇ ಲೂಯಿ 1670ರಲ್ಲಿ ‘ಇನ್ವಾಲಿಡ್’ ಕಟ್ಟಲು ಅಪ್ಪಣೆ ಕೊಟ್ಟ. ಹನ್ನೆರಡು ವರ್ಷ ಬಿಟ್ಟು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಲಂಡನ್ನಿನ ಚೆಲ್ಸಿಯಲ್ಲಿ ಅಂಥದ್ದೇ ಒಂದನ್ನು ಸ್ಥಾಪಿಸಿದ. ಕ್ರಿಸ್ಟೋಫರ್ ರೆನ್ ಕಟ್ಟಿದ ಆ ಭವ್ಯ ಕಟ್ಟಡದಲ್ಲಿ ಒಬ್ಬ ಸೈನಿಕನ ಪಾಲಿಗೆ ಬಂದದ್ದು ಆರಡಿ ಉದ್ದ ಆರಡಿ ಅಗಲದ ಗೂಡು. ಹೊರಗಿನಿಂದ ಅರಮನೆ, ಒಳಗೆ ಗೂಡು. ಈಗ ಅದನ್ನು ದೊಡ್ಡದು ಮಾಡಿದ್ದಾರೆ, 2009ರಿಂದ ಹೆಂಗಸರಿಗೂ ಪ್ರವೇಶ ಉಂಟು. ಅಲ್ಲಿ ಸೇರುವವರು ತಮ್ಮ ಸೈನ್ಯದ ಪಿಂಚಣಿಯನ್ನು ಬಿಟ್ಟುಕೊಡಬೇಕು. ಬದಲಿಗೆ ಊಟ, ಮದ್ದು, ಕೆಂಪು ಕೋಟು. ನಮ್ಮ ದೇಶದಲ್ಲಿ ಈ ಜಾತಿಗೆ ಸೇರುವುದು ಪುಣೆಯ ಖಡ್ಕಿಯಲ್ಲಿ 1974ರಲ್ಲಿ ಶುರುವಾದ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡ ಜವಾನರು ಅಲ್ಲಿ ದಶಕಗಟ್ಟಲೆ ಬದುಕುತ್ತಾರೆ, ಗಾಲಿಕುರ್ಚಿಯಲ್ಲೇ ಬಾಸ್ಕೆಟ್‌ಬಾಲ್ ಆಡುತ್ತಾರೆ. ಆದರೆ ಅದು ಗಾಯಾಳುಗಳ ಜಾಗ. ಬರೇ ಮುಪ್ಪು ಬಂದ ಸೈನಿಕ ನಮ್ಮ ಕರಾವಳಿಯಲ್ಲಿ ಸೇರುವುದೆಂದರೆ ನಿವೃತ್ತ ಮೇಷ್ಟ್ರು, ಬೀಡಿ ಕಟ್ಟಿದ ಅಕ್ಕ, ಹೋಟೆಲು ನಡೆಸಿದ ರಾಯರು ಇರುವ ಅದೇ ಮನೆಗೆ. ಅದು ಕೆಟ್ಟದ್ದು ಎಂದು ನಾನು ಹೇಳಲಾರೆ. ಮಾವನೂ ಹೇಳಲಿಲ್ಲ.

ಸರ್ಕಾರ ಏನು ಕೊಡುತ್ತದೆ? ಸೈನ್ಯದ ಪಿಂಚಣಿದಾರರಿಗೆ 2003ರ ಏಪ್ರಿಲ್ 1ರಿಂದ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. 1996ಕ್ಕೆ ಮುಂಚೆ ನಿವೃತ್ತರಾದ ಮಾವನಂಥವರಿಗೆ ಚಂದಾ ಕೂಡ ಇಲ್ಲ. ಆದರೆ ಅದು ಚಿಕಿತ್ಸೆಯ ಯೋಜನೆ. ಮಂಗಳೂರಿನ ಪಾಲಿಕ್ಲಿನಿಕ್ಕಿಗೆ ಹೋಗಬೇಕು, ಅಲ್ಲಿಂದ ಚೀಟಿ ಬರೆಸಿಕೊಂಡು ಪಟ್ಟಿಯಲ್ಲಿರುವ ಆಸ್ಪತ್ರೆಗೆ. ಸೊಂಟ ಮುರಿದಾಗ ಅದು ಕೈಹಿಡಿಯಿತು, ಸುಳ್ಳು ಹೇಳಬಾರದು. ಮುರಿದ ಸೊಂಟದ ಮನುಷ್ಯನಿಗೆ ಮುಂದಿನ ಹತ್ತು ವರ್ಷ ಸ್ನಾನ ಮಾಡಿಸುವವರು ಯಾರು ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ನೂರಕ್ಕೆ ನೂರು ಅಂಗವೈಕಲ್ಯ ಇರುವವರಿಗೆ ಸಹಾಯಕನ ಭತ್ಯೆ ಇದೆ. ಪಿಂಚಣಿಯೇ ಇಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆಯ ತನಕದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಮಾಸಿಕ ನೆರವನ್ನು 2025ರ ಅಕ್ಟೋಬರಿನಲ್ಲಿ 4,000 ರೂಪಾಯಿಯಿಂದ 8,000ಕ್ಕೆ ಏರಿಸಲಾಯಿತು. ಅರ್ಜಿ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಹೋಗುತ್ತದೆ. ಹದಿನೈದು ವರ್ಷ ಸೇವೆ ತುಂಬುವ ಮೊದಲೇ ಮನೆಗೆ ಬಂದು ಪಿಂಚಣಿ ಸಿಗದೆ ಹೋದ ಅಜ್ಜಂದಿರು ನಿಮ್ಮ ನೆರೆಯಲ್ಲಿ ಇದ್ದರೆ ಇದನ್ನು ಅವರಿಗೆ ಹೇಳಿ.

ಇನ್ನು ಕಾನೂನು. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆಯ 2007ರ ಕಾಯ್ದೆಯ 19ನೇ ಕಲಮು ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರು ಇರಬಹುದಾದ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ‘ಬಹುದು’ ಎಂಬ ಮೂರು ಅಕ್ಷರದಲ್ಲಿ ಎಷ್ಟು ಜಿಲ್ಲೆಗಳು ಉಳಿದುಹೋದವೋ. ಖಾಸಗಿ ಮನೆಗಳ ನೋಂದಣಿ, ಕನಿಷ್ಠ ಗುಣಮಟ್ಟ ಇವನ್ನೆಲ್ಲ ಸೇರಿಸಿ 2019ರ ಡಿಸೆಂಬರಿನಲ್ಲಿ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು. ಆ ಲೋಕಸಭೆಯ ಅವಧಿ ಮುಗಿಯಿತು, ಮಸೂದೆ ಕಾಯ್ದೆಯಾಗಲಿಲ್ಲ. ಹೋಟೆಲಿಗೆ ನಕ್ಷತ್ರ ಇದೆ, ಫ್ರಿಜ್ಜಿಗೆ ನಕ್ಷತ್ರ ಇದೆ. ಅಪ್ಪನನ್ನು ಬಿಡುವ ಮನೆಯ ಬಾಗಿಲಲ್ಲಿ ಅಂಥದ್ದೇನೂ ಇಲ್ಲ. ಕೊನೆಗೆ ಉಳಿಯುವುದು ನಮ್ಮ ಕಣ್ಣು, ಮೂಗು.

ಕಣ್ಣು ಎಲ್ಲಿ ನೋಡಬೇಕು? ಆರೋಗ್ಯ ಸೇವೆಯ ಗುಣಮಟ್ಟ ಅಳೆಯುವ ವಿದ್ಯೆಗೆ ಅಡಿಪಾಯ ಹಾಕಿದ ಅವೆಡಿಸ್ ಡೊನಬೆಡಿಯನ್ ಎಂಬ ವೈದ್ಯ 1966ರಲ್ಲಿ ಬರೆದ ಲೇಖನದಲ್ಲಿ ಮೂರು ಕಡೆ ನೋಡಿ ಎಂದಿದ್ದ. ಏನಿದೆ, ಏನು ಮಾಡುತ್ತಾರೆ, ಏನಾಯಿತು. ಕಟ್ಟಡ, ಮಂಚ, ಆಮ್ಲಜನಕದ ಸಿಲಿಂಡರು, ಜನ ಇವೆಲ್ಲ ‘ಏನಿದೆ’. ಸಮಯಕ್ಕೆ ಮದ್ದು ಕೊಟ್ಟರೇ, ಮಗ್ಗುಲು ಬದಲಿಸಿದರೇ ಎಂಬುದು ‘ಏನು ಮಾಡುತ್ತಾರೆ’. ಬೆನ್ನಲ್ಲಿ ಹುಣ್ಣಾಯಿತೇ, ತೂಕ ಇಳಿಯಿತೇ ಎಂಬುದು ‘ಏನಾಯಿತು’. ಮನೆ ನೋಡಲು ಹೋಗುವ ನಾವು ಮೊದಲನೆಯದರಲ್ಲೇ ಮುಳುಗುತ್ತೇವೆ. ಟೈಲ್ಸ್ ಚೆನ್ನಾಗಿದೆ, ತೋಟ ಉಂಟು, ಪ್ರಾರ್ಥನಾ ಮಂದಿರ ಉಂಟು, ಗೋಡೆಯಲ್ಲಿ ಉದ್ಘಾಟನೆಯ ಫೋಟೊ ಉಂಟು. ಯಕ್ಷಗಾನಕ್ಕೆ ಹೋದವನು ರಂಗಸ್ಥಳದ ಬೆಳಕು ನೋಡಿ ಮೇಳದ ಯೋಗ್ಯತೆ ನಿರ್ಧರಿಸಿದ ಹಾಗೆ. ಚೌಕಿಗೆ ಹೋಗಿ ನೋಡಬೇಕು. ಈ ಮನೆಗಳಲ್ಲಿ ಚೌಕಿ ಎಂದರೆ ರಾತ್ರಿ.

ಚಾ ಕುಡಿಯುತ್ತ ಮಾವ ಮೇನೇಜರರಿಗೆ ಕೇಳಿದ್ದು ಒಂದೇ ಪ್ರಶ್ನೆ: “ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರ ಇರ್ತಾರೆ?” ಮೇನೇಜರರು ಸಿಬ್ಬಂದಿಯ ಸಂಖ್ಯೆ ಹೇಳಿದರು. “ಅದಲ್ಲ ಕೇಳಿದ್ದು. ರಾತ್ರಿ ಎರಡು ಗಂಟೆಗೆ, ಎಚ್ಚರ.” ಉತ್ತರ ಸುತ್ತಿ ಬಳಸಿ ಬಂತು. ರಾತ್ರಿ ಒಬ್ಬರು, ಅವರೂ ಆಫೀಸು ಕೋಣೆಯಲ್ಲಿ ಮಲಗುವುದು, ಬೆಲ್ ಹೊಡೆದರೆ ಎದ್ದು ಬರುತ್ತಾರೆ. ಇದ್ದವರು 30 ಮಂದಿ ಹಿರಿಯರು, ಅದರಲ್ಲಿ ಏಳು ಮಂದಿ ಹಾಸಿಗೆ ಹಿಡಿದವರು.

ಇಲ್ಲಿ ಸ್ವಲ್ಪ ಗಣಿತ ಮಾಡೋಣ. 2024ರಲ್ಲಿ ಅಮೆರಿಕ ಸರ್ಕಾರ ಅಲ್ಲಿನ ನರ್ಸಿಂಗ್ ಹೋಮುಗಳಿಗೆ ಒಂದು ನಿಯಮ ಮಾಡಿತು: ಒಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 3.48 ಗಂಟೆಯ ಆರೈಕೆ ಸಿಗಬೇಕು. ಮರುವರ್ಷವೇ ಟೆಕ್ಸಸ್ಸಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಇಷ್ಟು ಜನ ಎಲ್ಲಿಂದ ತರುವುದು ಎಂಬುದು ಮಾಲಕರ ತಕರಾರು. ನಿಯಮ ಹೋಯಿತು, ಆದರೆ ಆ ಅಂಕಿ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. 30 ಜನರಿಗೆ ದಿನಕ್ಕೆ 104 ಗಂಟೆಯ ಕೆಲಸ. ಎಂಟು ಗಂಟೆಯ ಪಾಳಿ ಎಂದರೆ ಹದಿಮೂರು ಜನ ಬೇಕು, ಅಡುಗೆಯವರನ್ನೂ ವಾಚ್‌ಮ್ಯಾನನ್ನೂ ಬಿಟ್ಟು. ನಾವು ನೋಡಿದ ಮನೆಯಲ್ಲಿ ಹಗಲು ನಾಲ್ವರು, ರಾತ್ರಿ ಒಬ್ಬರು. ಅಮೆರಿಕದ ಅಳತೆ ನಮಗೆ ಬೇಡ, ಅರ್ಧ ಮಾಡಿ. ಆಗಲೂ ಸಾಲದು.

ಜನ ಸಾಲದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಸೈನಿಕರದ್ದೇ ಒಂದು ಮನೆಯ ಕತೆ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಊರಿನಲ್ಲಿ ಆ ರಾಜ್ಯ ಸರ್ಕಾರವೇ ನಡೆಸುವ ಸೈನಿಕರ ಮನೆ. ಎರಡನೇ ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ನೋಡಿ ಬಂದವರು ಇದ್ದ ಜಾಗ. 2020ರ ಮಾರ್ಚ್ 27ರಂದು, ಕೋವಿಡ್ ಹರಡುತ್ತಿದ್ದ ಹೊತ್ತಿನಲ್ಲಿ, ನೋಡಿಕೊಳ್ಳಲು ಜನ ಸಾಲದೆಂದು ಮರೆವಿನ ಕಾಯಿಲೆಯವರ ಎರಡು ವಾರ್ಡುಗಳನ್ನು ಒಂದು ಮಾಡಿದರು. ಸೋಂಕು ಇದ್ದವರೂ ಇಲ್ಲದವರೂ ಒಂದೇ ಕಡೆ, ಮಂಚಕ್ಕೆ ಮಂಚ ತಾಗುವ ಹಾಗೆ. ಆ ಬೇಸಿಗೆ ಬರುವ ಮೊದಲು ಕನಿಷ್ಠ 76 ಮಂದಿ ಸತ್ತರು. ಎರಡು ವರ್ಷದ ಮೇಲೆ ರಾಜ್ಯ ಸರ್ಕಾರ ಸಂತ್ರಸ್ತ ಕುಟುಂಬಗಳಿಗೆ 5 ಕೋಟಿ 60 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿತು. ಅಲ್ಲಿ ಗೌರವಕ್ಕೇನೂ ಕೊರತೆ ಇರಲಿಲ್ಲ, ಧ್ವಜಸ್ತಂಭ ಇತ್ತು, ಹೆಸರಿನಲ್ಲೇ ‘ಸೈನಿಕ’ ಇತ್ತು. ಇಲ್ಲದ್ದು ಕೈಗಳು.

ನಕ್ಷತ್ರ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. ಅಮೆರಿಕದಲ್ಲಿ 2008ರಿಂದ ನರ್ಸಿಂಗ್ ಹೋಮುಗಳಿಗೆ ಐದರವರೆಗೆ ನಕ್ಷತ್ರ ಕೊಡುತ್ತಾರೆ. ತಪಾಸಣೆ, ಸಿಬ್ಬಂದಿ, ನಿವಾಸಿಗಳ ಆರೋಗ್ಯ ಈ ಮೂರನ್ನು ನೋಡಿ. ಆದರೆ ನಮ್ಮಲ್ಲಿ ಇಷ್ಟು ಸಿಬ್ಬಂದಿ ಇದ್ದಾರೆ ಎಂದು ಹೇಳುತ್ತಿದ್ದವರು ಆ ಹೋಮಿನವರೇ. ತಪಾಸಣೆಯ ವಾರ ಜನ ಹೆಚ್ಚು, ಆಮೇಲೆ ಕಡಿಮೆ. ಸುಣ್ಣ ಬಳಿದ ಕಲ್ಲೇ. 2016ರಿಂದ ಸಂಬಳದ ಪಟ್ಟಿಯನ್ನೇ ಕೊಡಬೇಕೆಂದು ಮಾಡಿದ ಮೇಲೆ ಲೆಕ್ಕ ಸ್ವಲ್ಪ ನೇರವಾಯಿತು. ದುಡ್ಡು ಕೊಟ್ಟದ್ದಕ್ಕೆ ಸುಳ್ಳು ಹೇಳುವುದು ಕಷ್ಟ. ಅಲ್ಲಿನ ಮಾಜಿ ಸೈನಿಕರ ಇಲಾಖೆಯಂತೂ ತನ್ನ ಹೋಮುಗಳಿಗೆ ತಾನೇ ಕೊಟ್ಟ ನಕ್ಷತ್ರಗಳನ್ನು ಗುಟ್ಟಾಗಿ ಇಟ್ಟುಕೊಂಡಿತ್ತು. ಪತ್ರಿಕೆಗಳು ಬೆನ್ನು ಹತ್ತಿದ ಮೇಲೆ 2018ರಲ್ಲಿ ಹೊರಗೆ ಬಂತು.

ಆದ್ದರಿಂದ ಹೇಳಿದ್ದನ್ನು ಬಿಟ್ಟು ಮೈ ನೋಡಬೇಕು. ಮನುಷ್ಯನ ಮೈ ಸುಳ್ಳು ಹೇಳುವುದಿಲ್ಲ.

ಮಲಗಿದಲ್ಲೇ ಇರುವವರಿಗೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ, ಸೊಂಟದ ಬದಿಯಲ್ಲಿ ಹುಣ್ಣಾಗುತ್ತದೆ. ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು ರಕ್ತ ಓಡುವುದಿಲ್ಲ. ಮೊದಲು ಕೆಂಪು, ಆಮೇಲೆ ಗುಳ್ಳೆ, ಆಮೇಲೆ ಗುಂಡಿ, ಕಡೆಗೆ ಮೂಳೆ ಕಾಣುವ ತನಕ. ತಡೆಯುವ ದಾರಿ ಹಳೆಯದೇ: ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ತೆಗೆಯುವುದು, ಗಾಳಿ ಹಾಸಿಗೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಗಾಳಿ ಹಾಸಿಗೆಯ ಪಂಪು ನಿಲ್ಲುತ್ತದೆ ಎಂಬುದು ಬೇರೆ. ಇನ್ವರ್ಟರಿಗೆ ಏನೇನು ಜೋಡಿಸಿದ್ದಾರೆ ಎಂದು ಕೇಳಿ, ಆಫೀಸಿನ ಫ್ಯಾನೋ ಅಜ್ಜನ ಹಾಸಿಗೆಯೋ. ರಾತ್ರಿಯ ಎಂಟು ಗಂಟೆ ಯಾರೂ ಹೊರಳಿಸದಿದ್ದರೆ ಹುಣ್ಣು ಶುರುವಾಗಲು ಅಷ್ಟೇ ಸಾಕು. ‘ಇಲ್ಲಿಗೆ ಬಂದ ಮೇಲೆ ಹುಣ್ಣಾದವರು ಎಷ್ಟು ಜನ’ ಎಂದು ಕೇಳಿದರೆ ಅವರ ರಾತ್ರಿ ಪಾಳಿಯ ಬಗ್ಗೆಯೇ ಕೇಳಿದ ಹಾಗೆ.

ಆ ಮೊದಲ ಮನೆಯಲ್ಲಿ ಮಗ್ಗುಲು ಬದಲಿಸಿದ ರಿಜಿಸ್ಟರ್ ತೋರಿಸಿದರು. ಚಂದದ ಅಕ್ಷರ, ಒಂದೇ ಪೆನ್ನು. ಅವತ್ತಿನ ಪುಟದಲ್ಲಿ ಬೆಳಿಗ್ಗೆ ಎಂಟಕ್ಕೆ ಎಡ, ಹತ್ತಕ್ಕೆ ಬಲ, ಹನ್ನೆರಡಕ್ಕೆ ಎಡ, ಎರಡಕ್ಕೆ ಬಲ, ನಾಲ್ಕಕ್ಕೆ ಎಡ. ಮಾವ ಕನ್ನಡಕ ಏರಿಸಿ ನೋಡಿ ನನ್ನ ವಾಚು ತೋರಿಸಿದರು. ಗಂಟೆ ಹನ್ನೊಂದೂ ಕಾಲು.

ತೂಕದ ಪುಸ್ತಕ ಇನ್ನೊಂದು. ತಿಂಗಳಿಗೊಮ್ಮೆ ತೂಕ ನೋಡಿ ಬರೆಯುವ ಮನೆಯಾದರೆ ಅದೇ ಅರ್ಧ ಪಾಸು. ಒಂದು ತಿಂಗಳಲ್ಲಿ ನೂರಕ್ಕೆ ಐದು, ಆರು ತಿಂಗಳಲ್ಲಿ ನೂರಕ್ಕೆ ಹತ್ತು ತೂಕ ತಾನಾಗಿ ಇಳಿದರೆ ಏನೋ ಕೆಟ್ಟಿದೆ ಎಂದು ಅರ್ಥ. 60 ಕಿಲೋದ ಅಜ್ಜಿ ಒಂದು ತಿಂಗಳಲ್ಲಿ 57 ಆದರೆ ಕಾಯಿಲೆ ಇರಬಹುದು, ಹಲ್ಲಿನ ಸೆಟ್ಟು ಕಳೆದಿರಬಹುದು, ತಟ್ಟೆ ಮುಂದಿಟ್ಟು ತಿನ್ನಿಸಲು ಯಾರೂ ಕೂರದೆ ಇರಬಹುದು.

ಬಚ್ಚಲಿಗೆ ಹೋಗಿ ನೋಡಿ. ಹಿಡಿ ಇದೆಯೇ, ಹೊಸ್ತಿಲು ಇದೆಯೇ ಎಂದು ಎಲ್ಲರೂ ನೋಡುತ್ತಾರೆ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಯಾರೂ ನೋಡುವುದಿಲ್ಲ. ಒಳಗೆ ತೆರೆಯುವ ಬಾಗಿಲಾದರೆ ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಹೊರಗಿನಿಂದ ದೂಡಿದರೆ ಅವರಿಗೇ ಪೆಟ್ಟು. ಹೊರಗೆ ತೆರೆಯಬೇಕು, ಚಿಲಕ ಹೊರಗಿನಿಂದಲೂ ಬಿಡಿಸಲು ಬರಬೇಕು. ಇದು ಮಾವ ಕಂಡುಹಿಡಿದದ್ದು, ಅವರ ಕೋಲಿನಿಂದ ದೂಡಿ ನೋಡಿ. ಮೂಗಿಗೆ ಮೂತ್ರದ ವಾಸನೆ ಬಂದರೆ ಗಾಬರಿಯಾಗಬೇಡಿ, ಮುಪ್ಪಿರುವಲ್ಲಿ ಅದು ಇದ್ದದ್ದೇ. ಬೆಳಿಗ್ಗೆ ಬಂದದ್ದು ಸಂಜೆಗೂ ಅದೇ ಮೂಲೆಯಲ್ಲಿದ್ದರೆ ಮಾತ್ರ. ಫಿನಾಯಿಲ್ ವಾಸನೆ ಕಣ್ಣು ಉರಿಯುವಷ್ಟಿದ್ದರೆ ನನಗೆ ಹೆಚ್ಚು ಅನುಮಾನ.

ಹಗಲು ಹನ್ನೊಂದಕ್ಕೆ ಎಷ್ಟು ಜನ ನಿದ್ದೆಯಲ್ಲಿದ್ದಾರೆ ಎಂದು ಎಣಿಸಿ. ಜನ ಕಡಿಮೆ ಇದ್ದಲ್ಲಿ ಮಾತ್ರೆ ಆಳಿನ ಕೆಲಸ ಮಾಡುತ್ತದೆ. ಮರೆವಿನ ಕಾಯಿಲೆಯವರು ರಾತ್ರಿ ಎದ್ದು ತಿರುಗುತ್ತಾರೆ, ಕೂಗುತ್ತಾರೆ. ಒಂದು ಮಾತ್ರೆ ಕೊಟ್ಟರೆ ಎಲ್ಲರಿಗೂ ನಿದ್ದೆ. ಮಾನಸಿಕ ಕಾಯಿಲೆಯ ಮದ್ದುಗಳನ್ನು ಹೀಗೆ ಬಳಸುವುದು ಎಷ್ಟು ವ್ಯಾಪಕವೆಂದರೆ ಅಮೆರಿಕದ ನಕ್ಷತ್ರದ ಲೆಕ್ಕದಲ್ಲಿ ಅದಕ್ಕೇ ಒಂದು ಅಂಕ ಇದೆ. ಆ ಮದ್ದು ತಿಂದವರು ಬೀಳುವುದು ಹೆಚ್ಚು, ಸಾವೂ ಬೇಗ. ಸೈನಿಕರ ವಿಷಯದಲ್ಲಿ ಇದಕ್ಕೆ ಇನ್ನೊಂದು ಮುಖ. ಐವತ್ತು ವರ್ಷ ಸುಮ್ಮನಿದ್ದ ಯುದ್ಧ, ಮರೆವು ಬಂದಾಗ ರಾತ್ರಿ ಎದ್ದು ಕೂರುತ್ತದೆ. ನಡುರಾತ್ರಿ ‘ಥಮ್’, ನಿಲ್ಲು, ಎಂದು ಕೂಗುವ ಅಜ್ಜ ಹುಚ್ಚನಲ್ಲ, ಪಹರೆಯಲ್ಲಿದ್ದಾನೆ. ಹತ್ತಿರ ಹೋಗಿ ಡ್ಯೂಟಿ ಬದಲಾಯಿತು, ನೀವು ಮಲಗಿ ಎನ್ನುವ ಒಬ್ಬ ಹುಡುಗ ಇದ್ದರೆ ಮಾತ್ರೆ ಬೇಕಾಗಲಿಕ್ಕಿಲ್ಲ. ಆ ಹುಡುಗನಿಗೆ ಅಜ್ಜ ಸೈನ್ಯದಲ್ಲಿದ್ದದ್ದು ಗೊತ್ತಿರಬೇಕು, ಅಷ್ಟೆ. ಸೇರಿಸುವಾಗ ತುಂಬಿಸುವ ಫಾರಮ್ಮಿನಲ್ಲಿ ರಕ್ತದ ಗುಂಪು, ಆಧಾರ್ ನಂಬ್ರ ಎಲ್ಲ ಕೇಳುತ್ತಾರೆ. ಈ ಮನುಷ್ಯ ಏನು ಕೆಲಸ ಮಾಡುತ್ತಿದ್ದ ಎಂದು ಕೇಳಿದ್ದು ನಾವು ನೋಡಿದ ಮೂರು ಮನೆಗಳಲ್ಲಿ ಒಂದೇ.

ಆ ಒಂದರಲ್ಲಿ ಇನ್ನೊಂದು ಸಂಗತಿ ಕಂಡೆ. ಈಗ ನಮ್ಮ ಕಡೆ ಇಂಥ ಕೆಲಸಕ್ಕೆ ಊರಿನವರು ಸಿಗುವುದು ಕಡಿಮೆ. ಜಾರ್ಖಂಡ್, ಒಡಿಶಾ, ಅಸ್ಸಾಮಿನ ಹುಡುಗ ಹುಡುಗಿಯರು ಬರುತ್ತಾರೆ. ಒಳ್ಳೆಯ ಮಕ್ಕಳು. ಆದರೆ ತುಳು ಬಿಟ್ಟು ಬೇರೆ ಗೊತ್ತಿಲ್ಲದ ಅಜ್ಜಿ ‘ನೀರ್’ ಎಂದರೆ ಅರ್ಥವಾದೀತು, ‘ಬಂಜಿ ಬೇನೆ’ ಎಂದರೆ? ಹೊಟ್ಟೆನೋವನ್ನು ಹೇಳಿಕೊಳ್ಳಲಾಗದವಳು ಸುಮ್ಮನಿದ್ದಾಳೆ, ತೊಂದರೆ ಇಲ್ಲದವಳು ಎಂದು ಪುಸ್ತಕದಲ್ಲಿ ದಾಖಲಾಗುತ್ತಾಳೆ. ಕೊಂಕಣಿ, ಬ್ಯಾರಿ ಆಡುವವರದ್ದೂ ಅದೇ ಪಾಡು. ವಯಸ್ಸಾಗಿ ಮರೆವು ಕವಿದಂತೆ, ನಡುವೆ ಕಲಿತ ಭಾಷೆಗಳು ಹಲವರಲ್ಲಿ ಮೊದಲು ಉದುರುತ್ತವೆ. ಕೊನೆಗೆ ಉಳಿಯುವುದು ಅಮ್ಮನ ಮಾತು. ಮನೆ ನೋಡಲು ಹೋದವರು ಪಾಳಿಗೆ ಒಬ್ಬರಾದರೂ ಊರ ಭಾಷೆ ಬಲ್ಲವರು ಇದ್ದಾರೆಯೇ ಎಂದು ಕೇಳಬೇಕು. ಮಾವನ ಅದೃಷ್ಟ ಬೇರೆ. ಜಾರ್ಖಂಡಿನ ಸಿಮ್ಡೇಗದ ಹುಡುಗನೊಬ್ಬ ಚಾ ತಂದುಕೊಟ್ಟಾಗ ಅವರು ತಮ್ಮ ಫೌಜಿ ಹಿಂದಿಯಲ್ಲಿ ಊರು ಯಾವುದು, ತಂದೆ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ಹುಡುಗನ ಚಿಕ್ಕಪ್ಪ ಬಿಹಾರ್ ರೆಜಿಮೆಂಟಿನವರಂತೆ. ಹತ್ತು ನಿಮಿಷದಲ್ಲಿ ಮಾವ ಆ ಮನೆಯ ದುಭಾಷಿಯಾಗಿ, ಪಕ್ಕದ ಅಜ್ಜಿಗೆ ಬಿಸಿನೀರು ತರಿಸಿಕೊಟ್ಟರು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಚ್ಚಲಕ್ಕಿ ಗಂಜಿ ಬಿಸಿಯಾಗಿ ಸಿಗಬೇಕು, ರಾತ್ರಿ ಊಟವನ್ನು ಸಿಬ್ಬಂದಿಗೆ ಅನುಕೂಲವೆಂದು ಸಂಜೆ ಐದೂವರೆಗೆ ಮುಗಿಸಬಾರದು. ಮೀನು ತಿಂದು ಬೆಳೆದವರಿಗೆ ಸೇವೆಯ ಹೆಸರಲ್ಲಿ ಹಠಾತ್ತಾಗಿ ಸಸ್ಯಾಹಾರ ಹೇರುವುದು ನನಗೆ ಸರಿ ಕಾಣುವುದಿಲ್ಲ. ಮಿಲಿಟರಿ ಕ್ಯಾಂಟೀನಿನ ರಮ್ಮಿನ ಬಗ್ಗೆ ಮಾವನೂ ಮೇನೇಜರರೂ ನನ್ನನ್ನು ಹೊರಗೆ ಕಳುಹಿಸಿ ಏನೋ ಮಾತಾಡಿಕೊಂಡರು.

ಮತ್ತೆ ನವೆಂಬರ್. ಸರ್ಕಾರಿ ಪಿಂಚಣಿ ಬರುವ ಹೆಚ್ಚಿನವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ರುಜುವಾತು ಮಾಡಬೇಕಾದ ತಿಂಗಳು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಬೆರಳಚ್ಚು ಯಂತ್ರದ ಮೇಲೆ ಬೆರಳಿಟ್ಟರೆ ಆಯಿತು ಎನ್ನುತ್ತಾರೆ. ಜೀವನವಿಡೀ ಗುದ್ದಲಿ, ಕಬ್ಬಿಣ ಹಿಡಿದ ಬೆರಳಿನಲ್ಲಿ ಗೆರೆಗಳೇ ಉಳಿದಿರುವುದಿಲ್ಲ. ಮುಖ ತೋರಿಸಿ ಮಾಡುವ ವ್ಯವಸ್ಥೆ 2021ರಲ್ಲಿ ಬಂತು, ಅದಕ್ಕೆ ಸ್ಮಾರ್ಟ್‌ಫೋನು, ನೆಟ್ಟು, ಕಣ್ಣು ಮಿಟುಕಿಸಿ ಎಂದು ತಾಳ್ಮೆಯಿಂದ ಹೇಳುವವರು ಬೇಕು. ಸೈನ್ಯದ ಪಿಂಚಣಿ ಈಗ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಗೆ ಹೋಗಿದೆ; ಹೆಸರಿನ ಒಂದಕ್ಷರ ತಪ್ಪಿದರೂ ತೊಡಕು. ‘ಕಳೆದ ನವೆಂಬರಿನಲ್ಲಿ ಇಲ್ಲಿನ ಪಿಂಚಣಿದಾರರದ್ದು ಯಾರು ಮಾಡಿಸಿದರು’ ಎಂದು ಕೇಳಿದರೆ ಮೇನೇಜರರ ಮುಖದಲ್ಲೇ ಉತ್ತರ ಸಿಗುತ್ತದೆ. ಜೊತೆಗೆ ಇನ್ನೊಂದು: ಎಟಿಎಂ ಕಾರ್ಡು ಯಾರ ಕೈಯಲ್ಲಿ? ಡೆಪಾಸಿಟ್ಟು ಹಿಂದೆ ಬರುವುದು ಯಾವಾಗ, ಎಷ್ಟು ಕಳೆದು? ಬಾಯಿಮಾತು ಬೇಡ, ರಶೀದಿ ಬೇಕು. ಕಾರ್ಡನ್ನು ‘ಸುರಕ್ಷಿತವಾಗಿ ನಾವೇ ಇಟ್ಟುಕೊಳ್ಳುತ್ತೇವೆ’ ಎಂದ ಎರಡನೇ ಮನೆಗೆ ಮಾವ ಕೈಮುಗಿದು ಬಂದರು.

ಇಷ್ಟೆಲ್ಲ ಕೇಳಿ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಒಳ್ಳೆಯ ಮನೆಯನ್ನು ಒಳ್ಳೆಯದಾಗಿ ಇಡುವುದು ಬಂದುಹೋಗುವವರು. ಯಾರ ಮಗ ವಾರಕ್ಕೊಮ್ಮೆ, ಅದೂ ಹೇಳದೆ ಬರುತ್ತಾನೋ ಅವರ ಹಾಸಿಗೆಯ ಬಟ್ಟೆ ದಿನಾ ಬದಲಾಗುತ್ತದೆ. ಅದರ ಪುಣ್ಯ ಪಕ್ಕದ ಮಂಚಕ್ಕೂ ಸ್ವಲ್ಪ ಸಿಗುತ್ತದೆ. ಬರಲು ಸಮಯ ನಿಗದಿ ಮಾಡಿ, ವರಾಂಡದಲ್ಲೇ ಕೂರಿಸಿ ಮಾತಾಡಿಸಿ ಕಳುಹಿಸುವ ಮನೆಯ ಬಗ್ಗೆ ಎಚ್ಚರ. ತೀರಾ ಅನ್ಯಾಯ ಕಂಡರೆ ಹಿರಿಯರ ಸಹಾಯವಾಣಿ 14567 ಇದೆ. ಆದರೆ ನಮ್ಮಲ್ಲಿ ತುಂಬ ಮಂದಿ ಹೋಗದೇ ಇರುವುದು ದೂರಕ್ಕಲ್ಲ, ನಾಚಿಕೆಗೆ. ಮಾವನನ್ನು ಆಶ್ರಮದಲ್ಲಿ ಬಿಟ್ಟವನು ಎಂದು ಮೂಡುಬಿದಿರೆ ಪೇಟೆಯಲ್ಲಿ ನಾಲ್ಕು ಜನ ನನಗೆ ಮುಖದ ಮೇಲೇ ಹೇಳಿದ್ದಾರೆ. ಅವರಲ್ಲಿ ಒಬ್ಬರಾದರೂ ಒಂದು ರಾತ್ರಿ ಬಂದು ಕೂರುತ್ತೇನೆ ಎಂದಿಲ್ಲ.

ಮೂರನೇ ಮನೆಯವರು ಒಂದು ವಾರ ಇದ್ದು ನೋಡಿ, ಆಮೇಲೆ ಹೇಳಿ ಎಂದರು. ಕಟ್ಟಡ ಹಳೆಯದು, ಹಂಚಿನ ಮಾಡು, ಒಂದು ಕಡೆ ಸೋರುತ್ತಿತ್ತು, ಕೆಳಗೆ ಬಕೆಟ್ ಇಟ್ಟಿದ್ದರು. ಅಂಗಳದ ಕಲ್ಲಿಗೆ ಸುಣ್ಣವೂ ಇಲ್ಲ, ಸಾಲೂ ಇಲ್ಲ. ನಾಲ್ಕನೇ ದಿನ ರಾತ್ರಿ ಹತ್ತೂವರೆಗೆ, ಕಿವಿಯ ಮೆಶಿನಿನ ಬ್ಯಾಟರಿ ಕೊಡುವ ನೆವದಲ್ಲಿ ನಾನು ಹೋದೆ. ವಾಚ್‌ಮ್ಯಾನ್ ಗೊಣಗಿದರೂ ಬಿಟ್ಟ. ಒಳಗೆ ಸಿಮ್ಡೇಗದ ಹುಡುಗ ಒಬ್ಬರು ಹಿರಿಯರನ್ನು ಎಡ ಮಗ್ಗುಲಿಗೆ ಹೊರಳಿಸಿ, ಬೆನ್ನಿನ ಹಿಂದೆ ದಿಂಬು ಒತ್ತಿ, ಮೊಣಕಾಲುಗಳ ನಡುವೆ ಮಡಚಿದ ಕಂಬಳಿ ತೂರಿಸುತ್ತಿದ್ದ. ಗೋಡೆಯಲ್ಲಿ ನೇತುಹಾಕಿದ ಪುಸ್ತಕದಲ್ಲಿ ಕೊನೆಯ ಬರಹ ಎಂಟೂ ಇಪ್ಪತ್ತರದ್ದು. ಅದರ ಕೆಳಗಿನ ಗೆರೆಗಳು ಖಾಲಿ. ಹುಡುಗ ಕೈ ಒರೆಸಿಕೊಂಡು ಬಂದು, ಗಡಿಯಾರ ನೋಡಿ, ಹತ್ತೂ ಮೂವತ್ತೈದು ಎಂದು ಬರೆದ. ಅಕ್ಷರ ಸೊಟ್ಟ.

ಮಾವ ಅಲ್ಲಿಯೇ ಇದ್ದಾರೆ. ಕಳೆದ ವಾರ ರಾತ್ರಿ ಎರಡು ಗಂಟೆಗೆ ಅವರ ಫೋನು ಬಂದಾಗ ನನ್ನ ಎದೆ ಒಡೆದುಹೋಯಿತು.

“ಎಂತ ಇಲ್ಲ ಮಾರಾಯ, ಗಿನ್ತಿ ಮಾಡಿದೆ. ಡ್ಯೂಟಿಯಲ್ಲಿ ಇಬ್ಬರು. ಒಬ್ಬ ಎಚ್ಚರ ಇದ್ದಾನೆ, ಇನ್ನೊಬ್ಬ ಬೆಂಚಲ್ಲಿ ಮಲಗಿದ್ದಾನೆ.”

“ಮೇನೇಜರಿಗೆ ಹೇಳಬೇಕಾ ಮಾವ?”

“ಬೇಡ ಬೇಡ. ನಿನ್ನೆಯೂ ಡಬ್ಬಲ್ ಡ್ಯೂಟಿ ಮಾಡಿದ ಹುಡುಗ. ಮಲಗಲಿ. ನಾಲ್ಕಕ್ಕೆ ನಾನೇ ಎಬ್ಬಿಸ್ತೇನೆ.”